ಏಕಾದಶಿಯ ಬೆಲ್ಲದ ತಾಟು

ಗುರುವಾರದ ಸಭೆಯನ್ನು ಮಂಗಳವಾರಕ್ಕೆ ಎಳೆದು ತಂದವನು ನಾನು. ಆ ಮಂಗಳವಾರ ಏಕಾದಶಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕರೆದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ — ಗೊತ್ತಿದ್ದದ್ದರಿಂದಲೇ ಕರೆದೆ.

ಓದುವವರಿಗೆ ಇದರಲ್ಲೇನು ಮಹಾಪರಾಧ ಎನ್ನಿಸಬಹುದು. ಸಭೆಯ ದಿನ ಬದಲಾಗದ ಕಚೇರಿ ಯಾವುದಿದೆ? ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿಕೊಂಡೆ. ಆದರೆ ಆ ದಿನದ ಬದಲಾವಣೆಯಿಂದ ಒಂದು ಕೇರಿಯ ಬಾವಿ ಬತ್ತಿತು. ಆ ಬಾವಿಯನ್ನು ಕಾಯುತ್ತೇನೆಂದು ಮಾತು ಕೊಟ್ಟಿದ್ದ ಒಬ್ಬ ಹೆಂಗಸು ಸುಳ್ಳುಗಾತಿಯೆನಿಸಿಕೊಂಡು ಊರು ಬಿಟ್ಟರು. ಬಾವಿ ಬತ್ತಿದ್ದು ಎಲ್ಲರಿಗೂ ಗೊತ್ತು. ದಿನದ ವಿಷಯ ಮೊನ್ನೆಯತನಕ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಊರು ಬಿಟ್ಟ ಆ ಹೆಂಗಸಿಗೂ ಗೊತ್ತಾಗಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಹಾನಗಲ್ಲಿನ ಹತ್ತಿರದ ಒಂದು ಸಣ್ಣ ಸ್ನಾತಕೋತ್ತರ ವಿದ್ಯಾಲಯಕ್ಕೆ ಶಿಕ್ಷಕನಾಗಿ ಸೇರಿದೆ. ಹೆಸರು ಹೇಳುವುದಿಲ್ಲ, ಈಗ ಅದು ಇಲ್ಲ. ಬಸ್ಸಿಳಿದು ಭತ್ತದ ಗದ್ದೆಗಳ ನಡುವೆ ನಡೆದು ಹೋಗಬೇಕಿತ್ತು. ನೆಲ, ನೀರು, ಗ್ರಾಮದ ಆಡಳಿತ — ಇದು ಅಲ್ಲಿಯ ಎರಡು ವರ್ಷದ ಓದು. ವಿದ್ಯಾರ್ಥಿಗಳೆಲ್ಲ ಸೇರಿದರೂ ಹಾವೇರಿ ಬಸ್ಸು ಅರ್ಧ ತುಂಬುತ್ತಿರಲಿಲ್ಲ. ಶಿಕ್ಷಕರಾದ ನಾವಂತೂ ಒಂದು ಟಾಂಗಾಕ್ಕೆ ಸರಿಯಾಗುತ್ತಿದ್ದೆವು. ಹಿರೇಕೆರೂರಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ, “ಇಷ್ಟ ಮಂದಿಗೆ ಒಂದು ಸಾಲಿ ಏನೋ? ಒಂದು ಕಾಳಿನ ಹಗೇವು ಕಾಯಾಕ ಊರೆಲ್ಲ ಎಬ್ಬಿಸಿದಂಗಾತು” ಎಂದು ನಗುತ್ತಿದ್ದ.

ಅದನ್ನು ಕಟ್ಟಿದವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಪ್ರಾಂಶುಪಾಲರು. ನಮಗೆಲ್ಲ ಅವರು ದೊಡ್ಡ ಸರ್. ಈಗ ಸುಸ್ಥಿರತೆ ಎಂಬ ಶಬ್ದ ಎಲ್ಲರ ಬಾಯಲ್ಲೂ ಇದೆ. ದೊಡ್ಡ ಸರ್ ಅದಕ್ಕೆ ಬಾಳಿಕೆ ಎನ್ನುತ್ತಿದ್ದರು. ಧೋತರ ಕೊಳ್ಳುವಾಗ ಅಂಗಡಿಯವನನ್ನು “ಬಾಳಿಕಿ ಬರತೈತೇನೋ?” ಎಂದು ಕೇಳುತ್ತೇವಲ್ಲ, ಹಾಗೆ ಪ್ರತಿ ಹೊಲಕ್ಕೂ ಪ್ರತಿ ಬಾವಿಗೂ ಅದೇ ಪ್ರಶ್ನೆ ಹಾಕಬೇಕು ಎನ್ನುವುದು ಅವರ ಮೊದಲ ಪಾಠ. ಎರಡನೆಯದು ಇನ್ನೂ ಕಠಿಣ: ನಿರ್ಧಾರಗಳೂ ಬಾಳಿಕೆ ಬರಬೇಕು. ಕೈಯೆತ್ತಿಸಿ ಗೆದ್ದ ನಿರ್ಧಾರ ಬಾಳುವುದಿಲ್ಲ, ಸೋತವರು ಅದನ್ನು ಒಳಗಿನಿಂದ ಹರಿಯುತ್ತಿರುತ್ತಾರೆ ಎಂದು ಅವರು ನಂಬಿದ್ದರು. ಆದ್ದರಿಂದ ನಮ್ಮಲ್ಲಿ ಏನು ಮಾಡಬೇಕಾದರೂ ಎಲ್ಲರೂ ಒಪ್ಪಬೇಕಿತ್ತು. ಎಲ್ಲರೂ ಎಂದರೆ ವಿದ್ಯಾರ್ಥಿಗಳು, ಶಿಕ್ಷಕರು, ಅಡುಗೆಯ ಶಂಕ್ರಪ್ಪ, ಗೇಟು ಕಾಯುವವನು — ಎಲ್ಲರೂ.

ಪ್ರತಿ ಗುರುವಾರ ಸಂಜೆ ಜಮಖಾನೆ ಹಾಸಿ ಸುತ್ತಲೂ ಕೂರುತ್ತಿದ್ದೆವು. ಮಾತುಕತೆ ಮುಗಿದ ಮೇಲೆ ಶಂಕ್ರಪ್ಪ ಹಿತ್ತಾಳೆಯ ತಾಟಿನಲ್ಲಿ ಬೆಲ್ಲದ ಚೂರು ತರುತ್ತಿದ್ದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತೇವೆ. ದೊಡ್ಡ ಸರ್ ಆ ರೂಢಿಯನ್ನೇ ಸಭೆಗೆ ತಂದಿದ್ದರು. ತಾಟು ಕೈಯಿಂದ ಕೈಗೆ ಹೋಗುತ್ತಿತ್ತು. ಒಪ್ಪಿಗೆ ಇದ್ದವರು ಒಂದು ಚೂರು ಬಾಯಿಗೆ ಹಾಕಿಕೊಳ್ಳಬೇಕು. ಇಲ್ಲದವರು ಏನನ್ನೂ ತೆಗೆದುಕೊಳ್ಳದೆ ಪಕ್ಕದವರಿಗೆ ಸರಿಸಬೇಕು, ಅಷ್ಟೆ. ತಾಟು ಎದ್ದ ಮೇಲೆ ಯಾರೂ ಮಾತಾಡುವಂತಿಲ್ಲ. ಒಬ್ಬರೇ ಒಬ್ಬರು ಬೆಲ್ಲ ಬಿಟ್ಟರೂ ವಿಷಯ ಮುಂದಿನ ಗುರುವಾರಕ್ಕೆ. ಎಲ್ಲರೂ ತಿಂದರೆ ಒಮ್ಮತ. ಆಮೇಲೆ ಒಂದು ಬೆಳೆಯ ಕಾಲ ಮುಗಿಯುವತನಕ ಅದನ್ನು ಮತ್ತೆ ಎತ್ತುವಂತಿಲ್ಲ. ಇನ್ನೂ ಒಂದು ನಿಯಮವಿತ್ತು. ಒಮ್ಮತವಾದ ಮೇಲೆ ಹೊರಗೆ ಹೋಗಿ “ನಾನು ಒಪ್ಪಿರಲಿಲ್ಲ” ಎಂದು ಯಾರೂ ಹೇಳಕೂಡದು. ಸಭೆಯ ಮಾತು ಪ್ರತಿಯೊಬ್ಬರ ಮಾತು.

ಕೇಳುವವರಿಗೆ ಇದೆಲ್ಲ ಆಟ ಎನ್ನಿಸುತ್ತಿತ್ತು. ನನಗೂ ಮೊದಮೊದಲು ಹಾಗೇ. ಆದರೆ ನಾಲ್ಕು ತಿಂಗಳು ಅಲ್ಲಿ ಕೂತವರಿಗೆ ಬೇರೆ ಸಭೆಗಳು ರುಚಿಸುತ್ತಿರಲಿಲ್ಲ.

ಈ ನಿಯಮಗಳನ್ನೆಲ್ಲ ದೊಡ್ಡ ಸರ್ ಜೊತೆ ಕೂತು ರೂಪಿಸಿದವರು ಅಕ್ಕಾರು. ನೀರಿನ ಪಾಠ ಅವರದು. ನನಗಿಂತ ಒಂದು ತಲೆಮಾರಿನಷ್ಟು ಹಿರಿಯರು, ಮದುವೆಯಾಗಿರಲಿಲ್ಲ. ಸವಣೂರಿನ ವೈಷ್ಣವರ ಮನೆತನ. ಅಜ್ಜ, ಮುತ್ತಜ್ಜ ಎಲ್ಲ ಶಾಸ್ತ್ರ ಹೇಳಿದವರು. ನಿಜವಾದ ಹೆಸರು ಬೇರೆ ಇತ್ತು. ಆದರೆ ವಿದ್ಯಾರ್ಥಿಗಳಿಂದ ಹಿಡಿದು ಗೇಟಿನವನತನಕ ಎಲ್ಲರಿಗೂ ಅವರು ಅಕ್ಕಾರು.

ಮಡಿ, ಮೈಲಿಗೆಯನ್ನು ಅವರು ಎಂದೋ ಬಿಟ್ಟಿದ್ದರು. ವಿದ್ಯಾಲಯದ ಬೇಲಿಯಾಚೆ ಕೂಲಿ ಮಾಡುವವರ ಒಂದು ಕೇರಿ ಇತ್ತು. ಆ ಕೇರಿಗೂ ನಮಗೂ ಒಂದೇ ಬಾವಿ. ಅಕ್ಕಾರು ಕೊಡ ಹಿಡಿದು ಅಲ್ಲಿಗೇ ಹೋಗಿ ಹೆಂಗಸರ ನಡುವೆ ನಿಂತು ನೀರು ಸೇದುತ್ತಿದ್ದರು. ಈ ಒಂದು ಕಾರಣಕ್ಕೆ ಸವಣೂರಿನ ಬಂಧುಗಳ ಮನೆಯ ಪಂಕ್ತಿ ಅವರಿಗೆ ತಪ್ಪಿತ್ತು. ಅವರೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಆದರೆ ಏಕಾದಶಿ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಆ ದಿನ ಅನ್ನ, ಹಣ್ಣು ಇರಲಿ, ನೀರಿನ ಹನಿಯೂ ಇಲ್ಲ. “ಅವ್ವ ಸಾಯೂವಾಗ ಮಾತು ಕೊಟ್ಟೀನಿ. ದೇವರದು ಬ್ಯಾರೆ, ಅವ್ವಂದು ಬ್ಯಾರೆ” ಎನ್ನುತ್ತಿದ್ದರು.

ಒಂದು ಸಲ ಏಕಾದಶಿ ಗುರುವಾರವೇ ಬಂತು. ಮೆಸ್ಸಿಗೆ ಅಕ್ಕಿ ಎಲ್ಲಿಂದ ತರಿಸಬೇಕು ಎಂಬ ಚಿಲ್ಲರೆ ವಿಷಯ. ತಾಟು ಅಕ್ಕಾರ ಮುಂದೆ ಬಂದು ನಿಂತಿತು. ಅವರು ನಕ್ಕು, “ನಂದು ಇವತ್ತು ಉಪವಾಸ ಅದರಪಾ. ಒಪ್ಪಿಗಿ ಅಂತ ಹಿಡೀರಿ, ಮುಂದ ಹೋಗ್ಲಿ” ಎಂದರು. ಅಕ್ಕಿಯ ಸಲುವಾಗಿ ಸಭೆಯ ಮೌನ ಮುರಿದರೆಂದು ಎಲ್ಲರೂ ಅವರನ್ನು ಕಾಡಿಸಿದರು. ಅಂದಿನಿಂದ ಅದು ಬರೆಯದ ರೂಢಿಯಾಯಿತು: ಏಕಾದಶಿಯ ದಿನ ಅಕ್ಕಾರು ತಾಟು ಸರಿಸಿದರೆ ಒಪ್ಪಿಗೆ. ತೂಕದ ವಿಷಯಗಳು ಆ ದಿನ ಬಾರದಂತೆ ದೊಡ್ಡ ಸರ್ ಸದ್ದಿಲ್ಲದೆ ನೋಡಿಕೊಳ್ಳುತ್ತಿದ್ದರು.

ಕೇರಿಯವರನ್ನೂ ಸಭೆಗೆ ಕರೆಯಬೇಕು, ಬಾವಿ ಅವರದೂ ಹೌದಲ್ಲ ಎಂದು ಅಕ್ಕಾರು ಹಲವು ಸಲ ವಿಷಯ ಎತ್ತಿದ್ದರು. ಪ್ರತಿ ಸಲವೂ ನಮ್ಮಲ್ಲಿ ಯಾರಾದರೊಬ್ಬರು ಬೆಲ್ಲ ಬಿಡುತ್ತಿದ್ದೆವು. ಒಂದು ಸಲ ಬಿಟ್ಟವನು ನಾನೇ. ಕಡೆಗೆ ಅವರು ಕೇರಿಗೆ ಹೋಗಿ ನಿಂಗವ್ವನ ಎದುರು ಹೇಳಿ ಬಂದರು. ನಿಂಗವ್ವ ಎಂದರೆ ಆ ಕೇರಿಯ ದನಿ. ಅವಳು ಎದ್ದು ನಿಂತಳೆಂದರೆ ಗಂಡಸರೂ ಬೀಡಿ ಆರಿಸುತ್ತಿದ್ದರು. “ನಿಮ್ಮನ್ನ ಕರದಿಲ್ಲಂದ್ರ ಏನಾತು, ನಿಮ್ಮ ಮಾತು ನಾ ಆಡ್ತೀನಿ. ನಾ ಅಲ್ಲಿ ಕೂತಿರೂತನಕ ಬಾವಿಗೆ ಯಾರೂ ಕೈ ಹಚ್ಚೂದಿಲ್ಲ” ಎಂದರಂತೆ. ನಿಂಗವ್ವ ಅವರಿಗೆ ಬೆಲ್ಲ, ನೀರು ಕೊಟ್ಟಳಂತೆ. ಅಕ್ಕಾರು ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷ ನನಗೆ ಇನ್ನೂ ಕಾಣುತ್ತದೆ. ಕಾಣಬಾರದಿತ್ತು ಎಂದುಕೊಳ್ಳುತ್ತೇನೆ — ಆದರೂ ಕಾಣುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಳೆ ಎರಡು ಸಲ ಕೈಕೊಟ್ಟಿತು. ಸುತ್ತಲಿನ ಹಳ್ಳಿಗಳಿಗೆ ಹಂಚಲು ಸಸಿ ಬೆಳೆಸುವ ನರ್ಸರಿ ನನ್ನ ಹೊಣೆ. ಬೇವು, ಹೊಂಗೆ, ಹುಣಸೆ — ಸಾಲುಸಾಲಾಗಿ ಬಾಡಿ ನಿಂತವು. ಅದೇ ಹೊತ್ತಿಗೆ ನಮ್ಮ ಓದಿಗೆ ಮಾನ್ಯತೆ ಕೊಡಬೇಕೋ ಬೇಡವೋ ಎಂದು ನೋಡಲು ಒಂದು ತಂಡ ಬರುವುದಿತ್ತು. ಮಾನ್ಯತೆ ಬರದಿದ್ದರೆ ವಿದ್ಯಾರ್ಥಿಗಳ ಪದವಿಗೆ ಬೆಲೆಯಿಲ್ಲ. ಇದು ನಿಜ. ಆದರೆ ನನ್ನ ಹೊಟ್ಟೆಯಲ್ಲಿ ಇದ್ದದ್ದು ಇದೊಂದೇ ಅಲ್ಲ. ಬಂದವರು ನನ್ನ ನರ್ಸರಿಯ ಮುಂದೆ ನಿಂತು “ಭೇಷ್” ಎನ್ನಬೇಕಿತ್ತು. ಒಣಗಿದ ಸಸಿಗಳ ಮುಂದೆ ಬಾಳಿಕೆಯ ಭಾಷಣ ಮಾಡುವ ಮಾಸ್ತರನಾಗಲು ನನಗೆ ಮನಸ್ಸಿರಲಿಲ್ಲ.

ಆಗ ನಮ್ಮ ಕಡೆ ಬೋರು ಕೊರೆಯುವ ಲಾರಿಗಳು ಬರತೊಡಗಿದ್ದವು. ಒಂದು ಲಾರಿ ಶಿಗ್ಗಾವಿಯ ಹತ್ತಿರ ಕೆಲಸ ಮಾಡುತ್ತಿತ್ತು. ನಾನು ಹೋಗಿ ಮಾತಾಡಿ ಬಂದೆ. ಸಭೆಯಲ್ಲಿ ಬೋರಿನ ವಿಷಯ ಇಟ್ಟೆ. ಅಕ್ಕಾರು ಎದ್ದು ನೆಲದ ಇಳಿಜಾರು, ಕಲ್ಲಿನ ಪದರು ಎಲ್ಲ ವಿವರಿಸಿದರು. ನರ್ಸರಿಗೂ ಬಾವಿಗೂ ಇರುವುದು ಒಂದು ಕೂಗಳತೆಯಷ್ಟೂ ಅಲ್ಲ. ಇಲ್ಲಿ ಬೋರು ಹಾಕಿದರೆ ಬಾವಿಯ ಸೆಲೆಯನ್ನೇ ಎಳೆದುಕೊಳ್ಳುತ್ತದೆ. ಅದರ ಬದಲು ಬಾವಿಯ ಮೇಲ್ಗಡೆ ಮುಚ್ಚಿಹೋಗಿರುವ ಸಣ್ಣ ಕೆರೆಯ ಹೂಳನ್ನು ನಾವೂ ಕೇರಿಯವರೂ ಸೇರಿ ತೆಗೆಯೋಣ, ಒಂದು ಬೇಸಿಗೆಯ ಕೆಲಸ ಎಂದರು. ತಾಟು ಬಂತು. ಅಕ್ಕಾರು ಬೆಲ್ಲ ತೆಗೆದುಕೊಳ್ಳಲಿಲ್ಲ. ಮುಂದಿನ ಗುರುವಾರವೂ ಹಾಗೆಯೇ ಆಯಿತು. ಉಳಿದವರೆಲ್ಲ ತಿಂದಿದ್ದರು.

ನನಗೆ ಸಿಟ್ಟು ಬಂತು — ಸುಳ್ಳೇಕೆ ಹೇಳಲಿ. ಒಬ್ಬರು ಎಲ್ಲರನ್ನೂ ಹಿಡಿದು ನಿಲ್ಲಿಸುವುದು ಯಾವ ನ್ಯಾಯ ಎಂದು ಒಳಗೊಳಗೇ ಕುದಿದೆ. ಕೇರಿಯವರನ್ನು ಸಭೆಗೆ ಕರೆಯುವ ವಿಷಯದಲ್ಲಿ ನಾನೊಬ್ಬನೇ ಎಲ್ಲರನ್ನೂ ಹಿಡಿದು ನಿಲ್ಲಿಸಿದ್ದು ಆಗ ನೆನಪಾಗಲಿಲ್ಲ.

ಅಷ್ಟರಲ್ಲಿ ದೊಡ್ಡ ಸರ್ ಜಡ್ಡಾಗಿ ಹುಬ್ಬಳ್ಳಿಗೆ ಮಗಳ ಮನೆಗೆ ಹೋದರು. ಅವರು ಬರುವತನಕ ಸಭೆ ನಡೆಸುವ ಹೊಣೆ ನನ್ನ ಮೇಲೆ ಬಿತ್ತು.

ಒಂದು ದಿನ ಅಕ್ಕಾರು ಪಾಠ ಮುಗಿಸಿ ಹೊರಗೆ ಬರುತ್ತಿದ್ದರು. ನಾನು ಕೇಳಿದೆ:

“ಅಕ್ಕಾರ, ಈ ಸಲದ ಏಕಾದಶಿ ಯಾವತ್ತ ಬರತೈತ್ರಿ? ಮರುದಿನ ದ್ವಾದಶಿಗೆ ನಿಮಗ ಜಲ್ದಿ ಊಟ ಬೇಕಾಗತೈತಲ್ಲ, ಶಂಕ್ರಪ್ಪಗ ಮೊದಲ ಹೇಳಿ ಇಡ್ತೇನಿ.”

ಅಕ್ಕಾರು ನಿಂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಮಂಗಳವಾರ ಅದ ನೋಡಪಾ. ಇಷ್ಟು ವರ್ಷ ಆತು, ಯಾರೂ ಕೇಳಿದ್ದಿಲ್ಲ. ನೀನ ಮೊದಲಿಗ.”

ಇಷ್ಟೇ. ನಾನು ಪಂಚಾಂಗ ನೋಡಬಹುದಿತ್ತು. ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರು ಇತ್ತು. ಆದರೂ ಅವರನ್ನೇ ಕೇಳಿದೆ. ಯಾಕೆ ಕೇಳಿದೆ — ಈ ಪ್ರಶ್ನೆಯನ್ನು ಎಷ್ಟು ಸಲ ಹಾಕಿಕೊಂಡಿದ್ದೇನೋ. ಮುಂದೆ ಯಾರಿಗಾದರೂ ಸಂಶಯ ಬಂದರೆ, ನಾನು ಅವರ ಊಟದ ಕಾಳಜಿ ಮಾಡುವವನು ಎಂಬ ಸಾಕ್ಷಿ ಇರಲಿ ಎಂದೇ? ಇರಬಹುದು. ಅಷ್ಟು ಕೆಟ್ಟವನಾಗಿದ್ದೆನೆ? ಇದ್ದೆ.

ಮರುದಿನ ಎಲ್ಲರಿಗೂ ತಿಳಿಸಿದೆ: ಲಾರಿಯವನು ಬುಧವಾರ ಮಾತ್ರ ಬರುತ್ತಾನಂತೆ, ಆಮೇಲೆ ದೂರ ಹೋಗುತ್ತಾನಂತೆ, ಆದ್ದರಿಂದ ಈ ಸಲದ ಸಭೆ ಮಂಗಳವಾರ. ಲಾರಿಯವನು ಹಾಗೇನೂ ಹೇಳಿರಲಿಲ್ಲ. “ನೀವು ಯಾವತ್ತ ಹೇಳಿದ್ರ ಆವತ್ತ ಬರ್ತೇನ್ರಿ ಸರ” ಎಂದಿದ್ದ.

ಮಂಗಳವಾರ ಸಂಜೆ ಜಮಖಾನೆ ಹಾಸಿದ್ದಾಯಿತು. ಅಕ್ಕಾರ ತುಟಿ ಒಣಗಿತ್ತು, ಬೆನ್ನು ಎಂದಿನಂತೆ ನೆಟ್ಟಗಿತ್ತು. ನಾನು ಎದ್ದು, ಈ ವಿಷಯದ ಮೇಲೆ ಎರಡು ವಾರ ಮಾತಾಡಿದ್ದೇವೆ, ಹೊಸದೇನೂ ಇಲ್ಲ, ನೇರವಾಗಿ ತಾಟು ತರಿಸೋಣ ಎಂದೆ. ಯಾರೂ ಬೇಡ ಎನ್ನಲಿಲ್ಲ. ಅಕ್ಕಾರೂ ಬೇಡ ಎನ್ನಲಿಲ್ಲ; ಏಕಾದಶಿಯ ರೂಢಿ ಚಿಲ್ಲರೆ ವಿಷಯಗಳಿಗಷ್ಟೆ, ಇಂಥದರಲ್ಲಿ ತಾವು ಬೆಲ್ಲ ಬಿಟ್ಟರೆ ವಿಷಯ ಮುಂದೆ ಹೋಗುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಅವರ ಮನಸ್ಸು ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತಲ್ಲ.

ತಾಟು ಬಂತು. ಒಬ್ಬೊಬ್ಬರಾಗಿ ತಿಂದರು. ಅಕ್ಕಾರು ಎರಡು ಬೆರಳಿನಿಂದ ತಾಟನ್ನು ಪಕ್ಕಕ್ಕೆ ಸರಿಸಿದರು. ನಾನು ನಗುತ್ತ — ನಗುತ್ತಲೇ — ಹೇಳಿದೆ:

“ಅಕ್ಕಾರದು ಏಕಾದಶಿ ಐತ್ರಿ. ಮುಂದ ಹೋಗ್ಲಿ.”

ಒಬ್ಬಿಬ್ಬರು ರೂಢಿಯಂತೆ ನಕ್ಕರು. ಕೆಲವರು ತಲೆ ತಗ್ಗಿಸಿದರು. ಅವರಿಗೂ ಪದವಿ ಬೇಕಿತ್ತು. ತಾಟು ಮುಂದೆ ಹೋಯಿತು. ಕೊನೆಯ ಚೂರನ್ನು ನಾನು ತಿಂದೆ. “ಒಮ್ಮತ” ಎಂದೆ.

ಅಕ್ಕಾರು ಬಾಯಿ ತೆರೆದರು. ತಾಟು ಎದ್ದ ಮೇಲೆ ಮಾತಿಲ್ಲ ಎಂಬ ನಿಯಮ ಅವರೇ ಮಾಡಿದ್ದು. ಒಂದು ಸಲ ನಗೆಯಲ್ಲಿ ಮುರಿದದ್ದಕ್ಕೆ ಆಮೇಲೆ ಸಭೆಯ ಮುಂದೆ ತಪ್ಪೊಪ್ಪಿಕೊಂಡಿದ್ದರು ಕೂಡ. ಬಾಯಿ ಮುಚ್ಚಿಕೊಂಡರು. ನನ್ನ ಮುಖವನ್ನೇ ನೋಡಿದರು. ನಾನು ಜಮಖಾನೆಯ ಅಂಚು ಸರಿಪಡಿಸುತ್ತ ಕೂತೆ.

ಮರುದಿನ ಬೆಳಿಗ್ಗೆ ಶಂಕ್ರಪ್ಪ ನಾನು ಹೇಳಿದಂತೆ ಜಲ್ದಿ ಅಡುಗೆ ಮಾಡಿ ಕಾದಿದ್ದ. ಅಕ್ಕಾರು ಉಣ್ಣಲು ಹೋಗಲಿಲ್ಲ. ನನ್ನ ಕೋಣೆಗೆ ಬಂದರು. ಹೊರಗೆ ಲಾರಿ ಆಗಲೇ ಬಂದು ನಿಂತಿತ್ತು.

“ಶಿವಾನಂದ, ನಿನ್ನೆ ನಂದು ಒಪ್ಪಿಗಿ ಅಲ್ಲ ಅದು. ನಿನಗ ಗೊತ್ತದ.”

“ಅಕ್ಕಾರ, ರೂಢಿ ನೀವ ಹಾಕಿದ್ದು. ಒಮ್ಮತ ಆದಮ್ಯಾಗ ಮುರದ್ರ ನಾಳೆ ಯಾರು ಸಭಾದ ಮಾತು ಕೇಳ್ತಾರ?”

ಅವರು ತಮಗೆ ತಾವೇ ಹೇಳಿಕೊಂಡಂತೆ, “ಹೌದು. ನಾ ಬಾಯಿಬಿಟ್ಟು ಬ್ಯಾಡ ಅನ್ನಬೇಕಿತ್ತು. ನಿಯಮ ನಂದು ಅನ್ನೂ ಗರ್ವಕ್ಕ ಸುಮ್ಮ ಕೂತೆ. ತಪ್ಪು ನಂದ” ಎಂದರು. ಬಾಗಿಲತನಕ ಹೋಗಿ ತಿರುಗಿದರು. “ಆದರ ದಿನ ಹೆಂಗ ಬಂತಪಾ, ಸರಿಯಾಗಿ ಏಕಾದಶಿಗೇ?”

ಆಗ ನಿಜ ಹೇಳಬಹುದಿತ್ತು. ಲಾರಿ ಇನ್ನೂ ಕೊಳವೆ ಇಳಿಸಿರಲಿಲ್ಲ. ನಾನು ಹೇಳಿದೆ:

“ಯೋಗಾಯೋಗರಿ, ಅಕ್ಕಾರ.”

ಅವರು ತಲೆಯಾಡಿಸಿ ಹೋದರು. ನನ್ನ ಮಾತನ್ನು ಅವರು ನಂಬಿದರು. ಸಭೆಯನ್ನು ಕಟ್ಟಿದವರು ಇನ್ನೊಬ್ಬರು ಹಾಗೆ ಮಾಡಿಯಾರು ಎಂದು ಎಣಿಸುವುದಾದರೂ ಹೇಗೆ? ದಿನ ಬದಲಿಸಿದ್ದು ಒಂದು ತಪ್ಪು. ಅದನ್ನು ಅವರ ತಪ್ಪೆಂದು ಅವರೇ ಹೊತ್ತುಕೊಂಡು ಹೋಗುವಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದು — ಅದಕ್ಕೆ ಏನು ಹೆಸರಿಡಲಿ?

ಬೋರಿಗೆ ನೀರು ಬಿತ್ತು. ನರ್ಸರಿ ಹಸಿರಾಯಿತು. ತಂಡದವರು ಬಂದು ಸಸಿಗಳ ಮುಂದೆ ನಿಂತು “ಭೇಷ್” ಎಂದರು. ಬೆಲ್ಲದ ತಾಟಿನ ಕತೆ ಕೇಳಿ ಅದಕ್ಕೂ “ಭೇಷ್” ಎಂದರು. ಮಾನ್ಯತೆ ಬಂತು. ದೊಡ್ಡ ಸರ್ ಹುಬ್ಬಳ್ಳಿಯಿಂದ ಮರಳಿದಾಗ ಬೋರು ನೋಡಿ ಅಚ್ಚರಿಪಟ್ಟರು, “ಅಕ್ಕಾರೂ ಒಪ್ಪಿದರೇನು?” ಎಂದರು. “ಒಮ್ಮತರಿ” ಎಂದೆ. ಪಕ್ಕದಲ್ಲೇ ಇದ್ದ ಅಕ್ಕಾರು ನಿಯಮದಂತೆ ಏನೂ ಹೇಳಲಿಲ್ಲ.

ಮರು ವರ್ಷದ ಬೇಸಿಗೆಯಲ್ಲಿ ಬಾವಿಯ ನೀರು ಇಳಿಯಿತು. ಅದರ ಮುಂದಿನ ಬೇಸಿಗೆಯಲ್ಲಿ ಕೊಡ ಇಳಿಸಿದರೆ ಕೆಸರು ಬಂತು. ಬೋರು ನಿಲ್ಲಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಬೆಲ್ಲ ಬಿಟ್ಟೆವು. ಹೂಳು ತೆಗೆಯೋಣವೆಂದು ಅಕ್ಕಾರು ಬಿಸಿಲಲ್ಲಿ ಒಬ್ಬರೇ ಬುಟ್ಟಿ ಹಿಡಿದು ಕೆರೆಗೆ ಹೋದರು. ವಿದ್ಯಾರ್ಥಿಗಳು ನಾಲ್ಕು ದಿನ ಹೋಗಿ ಪರೀಕ್ಷೆಯ ನೆಪ ಹೇಳಿ ಬಿಟ್ಟರು. ಕೊನೆಗೆ ಸಭೆ ಕೇರಿಯವರಿಗೆ ಒಂದು ನಳ ಹಾಕಿಸಿತು, ನಮ್ಮ ಗೇಟಿನ ಒಳಗೆ. ದಿನಕ್ಕೆ ಎರಡು ಹೊತ್ತು ಗೇಟು ತೆರೆದಾಗ ಬಂದು ತುಂಬಿಕೊಳ್ಳಬೇಕು. ತಮ್ಮ ಬಾವಿಗೆ ಬೇಕಾದಾಗ ಹೋಗುತ್ತಿದ್ದ ಹೆಂಗಸರು ನಮ್ಮ ಗೇಟಿನ ಮುಂದೆ ಸಾಲು ನಿಂತರು. ಅದನ್ನೂ ನಾವು ಉಪಕಾರ ಎಂದುಕೊಂಡೆವು.

ಒಂದು ಬೆಳಿಗ್ಗೆ ಗೇಟಿನವನು ಬಂದಿರಲಿಲ್ಲ. ಕೀಲಿ ನನ್ನ ಕೈಯಲ್ಲಿತ್ತು. ಸಾಲಿನ ಮುಂದೆ ನಿಂಗವ್ವ ನಿಂತಿದ್ದಳು. ಅದೇ ಹೊತ್ತಿಗೆ ಅಕ್ಕಾರು ಒಳಗಿನಿಂದ ಬಂದರು. ಬೇಲಿಯ ಆಚೆ ಒಬ್ಬಳು, ಈಚೆ ಒಬ್ಬರು.

“ನೀವೂ ಬೆಲ್ಲ ತಿಂದ್ರೇನ್ರಿ, ಅಕ್ಕಾರ?” ನಿಂಗವ್ವ ಕೇಳಿದಳು. ದನಿ ಏರಿರಲಿಲ್ಲ. “ನಮ್ಮ ಮಾತು ಆಡ್ತೇನಿ ಅಂದಿದ್ರಲ್ಲ?”

ಇಲ್ಲ ಎಂಬ ಒಂದು ಶಬ್ದ ಸಾಕಿತ್ತು. ಅಕ್ಕಾರು ನನ್ನ ಕಡೆ ನೋಡಲಿಲ್ಲ. ಗೇಟಿನ ಸರಳು ಹಿಡಿದು ನಿಂತು, “ಸಭಾದ ಮಾತು ನನ್ನ ಮಾತ, ನಿಂಗವ್ವ” ಎಂದರು.

ನಾನು ಕೀಲಿ ತಿರುಗಿಸಿದೆ. ಹೆಂಗಸರು ಒಳಗೆ ಬಂದರು. ಯಾರೂ ಅಕ್ಕಾರ ಜೊತೆ ಮಾತಾಡಲಿಲ್ಲ. ಅಂದಿನಿಂದ ಕೇರಿಯಲ್ಲಿ ಅವರಿಗೆ ಅಕ್ಕಾರು ಎಂಬ ಹೆಸರು ಹೋಯಿತು. ಬೆಲ್ಲ ತಿಂದಾಕಿ ಎಂಬ ಹೆಸರು ಬಂತು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಆ ಬೆಲ್ಲವನ್ನು ತಿಂದವರು ನಾವೆಲ್ಲ. ತಿನ್ನದೆ ಉಳಿದವರು ಅವರೊಬ್ಬರೇ.

ಸ್ವಲ್ಪ ಕಾಲಕ್ಕೆ ಅಕ್ಕಾರು ಕೆಲಸ ಬಿಟ್ಟರು. ದೊಡ್ಡ ಸರ್ ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವ ದಿನ ಟ್ರಂಕನ್ನು ಮೊದಲೇ ಬಸ್ಸಿನ ದಾರಿಗೆ ಕಳಿಸಿ, ತಾವು ಕೇರಿಯ ಕಡೆಯಿಂದ ನಡೆದು ಹೋದರು. ಅವರು ನಿಂಗವ್ವನ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನರ್ಸರಿಯಿಂದ ಕಂಡೆ. ಏನು ಮಾತಾಯಿತೋ ನನಗೆ ಕೇಳಿಸುವಷ್ಟು ಹತ್ತಿರವಿರಲಿಲ್ಲ. ಆಮೇಲೆ ಅವರು ಗದ್ದೆಯ ಬದುವಿನ ಮೇಲೆ ನಡೆದು ಮರೆಯಾದರು.

ಸವಣೂರಿನಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು, ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ನಾನು ಸವಣೂರಿಗೆ ಹೋಗಲಿಲ್ಲವೆಂದಲ್ಲ. ಹೋದೆ. ಬಸ್ಸಿಳಿದು ಚಹಾ ಕುಡಿದೆ. ಅವರ ಓಣಿ ಯಾವುದೆಂದು ಚಹಾದವನನ್ನು ಕೇಳಿದೆ. ಅವನು ಕೈ ಮಾಡಿ ತೋರಿಸಿದ. ಎದ್ದು ಎಲೆ ಅಂಗಡಿಗೆ ಹೋಗಿ ಒಂದು ಕಟ್ಟು ವೀಳ್ಯದೆಲೆ ತೆಗೆದುಕೊಂಡೆ. ಮುಂದಿನ ಬಸ್ಸಿಗೆ ಹತ್ತಿ ಹಿಂದಿರುಗಿದೆ. “ಎಲಿ ಸಲುವಾಗಿ ಅಷ್ಟು ದೂರ ಹೋಗಿದ್ರೇನ್ರಿ?” ಎಂದು ಹೆಂಡತಿ ನಕ್ಕಳು. ಹೌದು ಎಂದೆ. ಹೀಗೆ ಒಂದೇ ಸಲ ಅಲ್ಲ.

ದೊಡ್ಡ ಸರ್ ತೀರಿಕೊಂಡ ಮೇಲೆ ಬೆಲ್ಲದ ತಾಟನ್ನು ನಿಲ್ಲಿಸಿ ಕೈಯೆತ್ತಿಸುವ ಪದ್ಧತಿ ತರೋಣ ಎಂದು ಸಭೆಗೆ ಹೇಳಿದವನು ನಾನೇ. ಕಾಲ ಬದಲಾಗಿದೆ, ಕೆಲಸ ಬೇಗ ಆಗಬೇಕು ಎಂದೆ. ನಿಜ ಸಂಗತಿ ಎಂದರೆ ಆ ಹಿತ್ತಾಳೆಯ ತಾಟು ನನ್ನ ಮುಂದೆ ಬಂದಾಗಲೆಲ್ಲ ನನಗೆ ಕೈ ಏಳುತ್ತಿರಲಿಲ್ಲ. ಆದರೂ ಹೊರಗಿನಿಂದ ಬಂದವರಿಗೆ ಆ ತಾಟಿನ ಕತೆ ಹೇಳುತ್ತಲೇ ಇದ್ದೆ. ಗ್ರಾಮದ ಆಡಳಿತ ಹೇಗಿರಬೇಕು, ನೀರು ಎಲ್ಲರದಾಗಬೇಕಾದರೆ ನಿರ್ಧಾರ ಹೇಗಾಗಬೇಕು ಎಂದು ನಿವೃತ್ತನಾಗುವತನಕ ಪಾಠ ಹೇಳಿದೆ. ಒಳ್ಳೆಯ ಪಾಠ ಹೇಳುತ್ತಾನೆ ಎಂದು ಹೆಸರಾದೆ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ನಾಚಿಕೆಯಾಗಬೇಕಿತ್ತು. ಕೆಲವೊಮ್ಮೆ ಆಗುತ್ತಿತ್ತು, ಹೆಚ್ಚಾಗಿ ಖುಷಿಯೇ ಆಗುತ್ತಿತ್ತು. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ.

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಹಿರೇಕೆರೂರಿನ ಸಂತೆಯಲ್ಲಿ ಸಿಕ್ಕಿ, ಅಕ್ಕಾರು ಹೋಗಿಬಿಟ್ಟರಂತೆ ಸರ್ ಎಂದ. ಬಹಳ ವಯಸ್ಸಾಗಿತ್ತಂತೆ. ಕೊನೆಯತನಕ ಏಕಾದಶಿ ಬಿಡಲಿಲ್ಲವಂತೆ. ನಾನು ಸಂತೆ ಚೀಲ ಹಿಡಿದು ಜನರ ನಡುವೆ ನಿಂತೆ. ಅವರ ಎದುರು ಹೇಳುವ ದಾರಿ ಮುಗಿದಿತ್ತು. ಉಳಿದದ್ದು ಒಂದೇ ಬಾಗಿಲು.

ಕೇರಿಗೆ ಹೋದೆ. ಈಗ ಅಲ್ಲಿ ಮನೆಮನೆಗೂ ನಳ ಬಂದಿದೆ. ಬಾವಿಯ ಮೇಲೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ. ನಿಂಗವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮುಪ್ಪು ಬಂದಿದೆ, ಕಣ್ಣು ಇನ್ನೂ ಚುರುಕು. “ಯಾರು? ಸಾಲಿ ಸರ ಏನು? ಕುಂಡ್ರಿ” ಎಂದು ಜಾಗ ಸರಿದಳು.

ಕೂತೆ. ಹೇಳಿದೆ. ಏಕಾದಶಿ, ತಾಟು, ಲಾರಿ, ಯೋಗಾಯೋಗ — ಎಲ್ಲ ಹೇಳಿದೆ. ಅಕ್ಕಾರು ಬೆಲ್ಲ ತಿಂದಿರಲಿಲ್ಲ, ಎರಡು ಸಲವೂ ನಿಮ್ಮ ಮಾತನ್ನೇ ಆಡಿದ್ದರು, ಮೂರನೆಯ ಸಲ ಅವರ ಬಾಯಿ ಕಟ್ಟಿದವನು ನಾನು ಎಂದೆ. ಅವರು ತೀರಿಕೊಂಡದ್ದನ್ನೂ ಹೇಳಿದೆ.

ನಿಂಗವ್ವನ ಕೈ ಮೊರದ ಅಂಚಿನ ಮೇಲೆ ನಿಂತಿತು.

“ಹೋಗೂ ದಿನ ಇಲ್ಲೇ ನಿಂತಿದ್ಲು ಆಕಿ,” ಎಂದಳು. “ಬಿಸಲಿತ್ತು. ‘ನಿಂಗವ್ವ, ಒಂದ್ ಸ್ವಲ್ಪ ನೀರ್ ಕೊಡು’ ಅಂತ ಕೇಳಿದ್ಲು. ಮನಿಯಾಗ ತುಂಬಿದ ಕೊಡ ಇತ್ತು. ನಾ ಕೊಡಲಿಲ್ಲ.”

ಮೊರದೊಳಗಿನ ಒಂದು ಕಲ್ಲು ಆರಿಸಿ ಆಚೆ ಎಸೆದಳು.

“ಹುಟ್ಟಿದಾಗಿಂದ ಬಾಗಲಿಗೆ ಬಂದವರಿಗೆ ನೀರಿಲ್ಲ ಅಂದಾಕಿ ಅಲ್ಲ ನಾ. ಆಕಿ ಒಬ್ಬಾಕಿಗೇ ಅಂದೆ. ಸುಮ್ಮ ಹೋದ್ಲು.” ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. “ಆಕಿ ಇದ್ದಾಗ ಯಾಕ ಬರಲಿಲ್ಲೋ ನೀ? ಸವಣೂರಿಗೆ ನಡಕೋತ ಹೋಗಿ ಕೊಟ್ಟು ಬರ್ತಿದ್ದೆ. ಈಗ ಹೇಳಾಕ ಬಂದೀಯಲ್ಲ, ನಾ ಏನ್ ಮಾಡ್ಲಿ ಈಗ?”

ನನ್ನ ತಪ್ಪು ನನ್ನದು, ಅಕ್ಕಾರದು, ಬಾವಿಯದು ಎಂದು ಇಷ್ಟು ವರ್ಷ ತಿಳಿದಿದ್ದೆ. ಈ ಹೆಂಗಸಿನ ಕೈಯಿಂದಲೂ ಒಂದು ತಪ್ಪು ಮಾಡಿಸಿದ್ದೇನೆ ಎಂದು ತಿಳಿದದ್ದು ಅಂದು. ಅವಳು ಅದನ್ನು ಇಷ್ಟು ದಿನ ನ್ಯಾಯವೆಂದು ನಂಬಿಕೊಂಡಿದ್ದಳು. ನಾನು ಹೋಗಿ ಆ ನಂಬಿಕೆಯನ್ನೂ ಕಿತ್ತುಕೊಂಡು ಬಂದೆ.

ಕೇರಿಯವರೆಲ್ಲರ ಎದುರು ಇದನ್ನು ಇನ್ನೊಮ್ಮೆ ಹೇಳುತ್ತೇನೆ ಎಂದೆ. “ಹೇಳು” ಎಂದಳು, ನನ್ನ ಮುಖ ನೋಡದೆ. ಹೇಳುತ್ತೇನೆ. ಈ ಬರಹವನ್ನೇ ಹಿಡಿದು ಹೋಗಿ ಓದುತ್ತೇನೆ.

ಆ ದಿನ ಅವಳ ಕಟ್ಟೆಯ ಮೇಲೆ ಬಿಸಿಲು ಬರುವತನಕ ಕೂತಿದ್ದೆ. ಒಳಗೆ ನಳ ಬಿಟ್ಟ ಸದ್ದು ಕೇಳಿಸುತ್ತಿತ್ತು, ಸೊಸೆ ಕೊಡ ತುಂಬುತ್ತಿದ್ದಳು. ನನ್ನ ಗಂಟಲು ಒಣಗಿತ್ತು. ನಿಂಗವ್ವ ನೀರು ಕೊಡಲಿಲ್ಲ. ನಾನೂ ಕೇಳಲಿಲ್ಲ.